ಮರದ ತಿರುಪಿಗೆ ಮೊದಲು ನಟ್ಟು



ಮರ ಕೊಯ್ಯುವುದನ್ನು ಯಾರಾದರೂ ಕಲಿಯಬಹುದು. ಕೊಯ್ಯುವಾಗ ಅದು ಮಿಸುಕದಂತೆ ಹಿಡಿದಿಡುವುದರಲ್ಲಿ ಬಡಗಿಯ ಅರ್ಧ ಆಯುಷ್ಯ ಕಳೆಯುತ್ತದೆ. ನಮ್ಮ ಬೋಡಿನಾಯಕನೂರಿನ ಹಳೆಯ ಬಡಗಿಗಳು ಇದಕ್ಕೆ ಯಾವ ಯಂತ್ರದ ಹಂಗನ್ನೂ ಇಟ್ಟುಕೊಂಡವರಲ್ಲ. ನೆಲದ ಮೇಲೆ ಕೂತು, ಹಲಗೆಯ ಒಂದು ತುದಿಯನ್ನು ಗೂಟಕ್ಕೆ ಆನಿಸಿ, ಇನ್ನೊಂದನ್ನು ಪಾದದಿಂದ ಅದುಮಿಕೊಂಡು ಉಜ್ಜುಗೊರಡು ಆಡಿಸುತ್ತಾರೆ. ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಸಣ್ಣ ರೀಪು ಸಿಕ್ಕಿಸಿಕೊಂಡು ಉಳಿ ಹಾಕುವಾಗ ನೋಡುವವರ ಮೈ ಜುಂ ಎನ್ನುತ್ತದೆ. ಅವರಿಗೆ ಏನೂ ಅನ್ನಿಸುವುದಿಲ್ಲ. ಸೊಂಟದೆತ್ತರದ ಬೆಂಚು, ಅದರ ಅಂಚಿಗೆ ಕೂರಿಸಿದ, ತಿರುಪು ತಿರುಗಿಸಿ ಮರವನ್ನು ಕಚ್ಚಿ ಹಿಡಿಯುವ ವೈಸ್, ಇವೆಲ್ಲ ನಮ್ಮ ಕಡೆ ಬಳಕೆಗೆ ಬಂದದ್ದು ತಿರುಚಿಯ ಪೊನ್ಮಲೈಯಂಥ ರೈಲ್ವೆ ಕಾರ್ಖಾನೆಗಳು ಮತ್ತು ಕೈಗಾರಿಕಾ ಶಾಲೆಗಳು ಬಂದ ಮೇಲೆ.

ಈಗ ಊರಿನ ಕೆಲವು ಹುಡುಗರು ನಿಂತು ಕೆಲಸ ಮಾಡುವ ಬೆಂಚು ಕಟ್ಟಿಕೊಳ್ಳುತ್ತಿದ್ದಾರೆ. ಅಂಗಡಿಯಲ್ಲಿ ಸಿಗುವ ಕಬ್ಬಿಣದ ವೈಸ್‌ಗೆ ಬಾಯಿ ಚಿಕ್ಕದು, ಬೆಲೆ ದೊಡ್ಡದು. ಅದರ ಎಣ್ಣೆ, ತುಕ್ಕು ಮರಕ್ಕೆ ಅಂಟುತ್ತದೆ. ಜಾಲಿಯಂಥ ಒಗರು ಮರಕ್ಕೆ ಒದ್ದೆ ಕಬ್ಬಿಣ ತಾಗಿದರೆ ನೀಲಿಗಪ್ಪು ಕಲೆ ಬೀಳುತ್ತದೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. "ಮಾವಾ, ತಿರುಪನ್ನೂ ಮರದಲ್ಲೇ ಮಾಡಿಕೊಂಡರೆ ಆಗಲ್ವಾ? ಅದಕ್ಕೆ ಯಾವ ಸಾಮಾನು ತಗೊಳ್ಳಬೇಕು?" ಎಂದು ಕೇಳುತ್ತಾರೆ. ಖಂಡಿತ ಆಗುತ್ತದೆ. ಆದರೆ ಎಲ್ಲರೂ ತಿರುಪು ಕೊರೆಯುವ ಉಪಕರಣವನ್ನೇ ಮೊದಲು ಕೇಳುತ್ತಾರೆ, ನಟ್ಟಿನ ವಿಚಾರವನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಇವತ್ತು ನಾನು ಅದನ್ನು ತಿರುವುಮುರುವು ಮಾಡಿ ಹೇಳುತ್ತೇನೆ.

ಬೋಡಿ, ಅಂದರೆ ನಮ್ಮ ಬೋಡಿನಾಯಕನೂರು, ಎಲ್ಲಿದೆ ಎನ್ನುವವರಿಗೆ ಒಂದು ಮಾತು. ತಮಿಳುನಾಡಿನ ತೇನಿ ಜಿಲ್ಲೆಯಲ್ಲಿ, ಪಶ್ಚಿಮ ಘಟ್ಟದ ಬುಡಕ್ಕೆ ಅಂಟಿಕೊಂಡ ಊರು. ಘಟ್ಟ ಹತ್ತಿದರೆ ಬೋಡಿಮೆಟ್ಟು, ಆಚೆಗೆ ಕೇರಳದ ಏಲಕ್ಕಿ ಬೆಟ್ಟಗಳು. ಆ ಏಲಕ್ಕಿಯ ಹರಾಜು ನಮ್ಮ ಊರಿನಲ್ಲಿ ನಡೆಯುತ್ತದೆ. ಬೂರುಗದ ಹತ್ತಿ, ಅಂದರೆ ತಮಿಳರ ಇಲವಂ ಪಂಜಿಗೂ ಬೋಡಿ ಹೆಸರುವಾಸಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು ಎನ್ನುವ ಕುಟುಂಬಗಳು ಇಲ್ಲಿಂದ ಕಂಬಂ ಕಣಿವೆಯ ಉದ್ದಕ್ಕೂ ಇವೆ. ನೇಯ್ಗೆಯ ದೇವಾಂಗರು, ಬೇಸಾಯದ ಕಪ್ಪಿಲಿಯರು ಇವರಲ್ಲಿ ಮುಖ್ಯರು. ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗೆಗಿನ ತನ್ನ 1909ರ ಸಂಪುಟಗಳಲ್ಲಿ ಮಧುರೆ ಸೀಮೆಯ ಈ ಕಪ್ಪಿಲಿಯರನ್ನು ಕನ್ನಡದ ಒಕ್ಕಲು ಮಕ್ಕಳೆಂದೇ ಗುರುತಿಸಿದ್ದಾನೆ. ಹೊಲದಲ್ಲಿ ಹತ್ತಿ ಬೆಳೆಯುವವರೂ ಅದರ ನೂಲನ್ನು ನೇಯುವವರೂ ಒಂದೇ ಕಣಿವೆಯಲ್ಲಿ ಇದ್ದರೆಂದ ಮೇಲೆ ಇವರಿಬ್ಬರ ನಡುವೆ ಹತ್ತಿಯಿಂದ ಬೀಜ ಬಿಡಿಸುವ ಕೆಲಸವೊಂದು ಇರಲೇಬೇಕಲ್ಲ. ಮರದ ತಿರುಪಿನ ಕತೆ ನಮ್ಮ ದೇಶದಲ್ಲಿ ಶುರುವಾಗುವುದು ಅಲ್ಲಿಂದ.

ಬೀಜ ಬಿಡಿಸುವ ಹಳೆಯ ಕೈರಾಟೆಯನ್ನು ನೋಡಿದ್ದೀರಾ? ಹಿತ್ತಿಲ ಅಟ್ಟದಲ್ಲೋ ವಸ್ತುಸಂಗ್ರಹಾಲಯದಲ್ಲೋ ಸಿಕ್ಕಿದರೆ ಬಗ್ಗಿ ಅದರ ಬಲತುದಿಯನ್ನು ನೋಡಿ. ಎರಡು ಕಂಬಗಳ ನಡುವೆ ಒಂದರ ಮೇಲೊಂದು ಎರಡು ಮರದ ಉರುಳೆ. ಹಿಡಿ ಇರುವುದು ಒಂದಕ್ಕೆ ಮಾತ್ರ. ಆದರೂ ಒಂದನ್ನು ತಿರುಗಿಸಿದರೆ ಇನ್ನೊಂದು ಎದುರು ದಿಕ್ಕಿಗೆ ತಿರುಗುತ್ತದೆ. ಹತ್ತಿ ಉರುಳೆಗಳ ನಡುವೆ ನುಸುಳಿ ಆಚೆ ಹೋಗುತ್ತದೆ, ಬೀಜ ಈಚೆಗೇ ಉದುರುತ್ತದೆ. ಎರಡೂ ಉರುಳೆಗಳ ತುದಿಯಲ್ಲಿ ಸುರುಳಿಯಾಗಿ ಕೊರೆದ ದಪ್ಪ ಏಣುಗಳಿವೆ. ಒಂದರ ಏಣು ಇನ್ನೊಂದರ ತೋಡಿನಲ್ಲಿ ಕೂತು ಅದನ್ನು ತಳ್ಳುತ್ತದೆ. ನಾನು ನೋಡಿದ ಒಂದು ರಾಟೆಯಲ್ಲಿ ಏಣಿನ ನೆತ್ತಿ ಸವೆದು ನುಣುಪಾಗಿತ್ತು. ತೋಡಿನ ತಳದಲ್ಲಿ ಮಾತ್ರ ಗರಗಸದ ಸಣ್ಣ ಗೆರೆಯೊಂದು ಸುರುಳಿಯುದ್ದಕ್ಕೂ ಉಳಿದಿತ್ತು. ಬಡಗಿ ಮೊದಲು ಗರಗಸದಿಂದ ಆಳ ಗೊತ್ತುಮಾಡಿಕೊಂಡು, ಆಮೇಲೆ ಎರಡೂ ಕಡೆಯಿಂದ ಉಳಿಯಲ್ಲಿ ಕೆತ್ತಿದ್ದಾನೆ ಎನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ.

ಈ ರಾಟೆ ಎಷ್ಟು ಹಳೆಯದು? ಅಜಂತಾದ ಚಿತ್ರಗಳಲ್ಲಿ ಕಾಣುವುದು ಒಂಟಿ ಉರುಳೆಯ ಸಾಧನ. ಧಾರವಾಡದ ಕಡೆ ಹೆಂಗಸರು ಚಪ್ಪಟೆ ಕಲ್ಲಿನ ಮೇಲೆ ಕಬ್ಬಿಣದ ಸರಳನ್ನು ಪಾದದಿಂದ ಉರುಳಿಸಿ ಹತ್ತಿ ಬಿಡಿಸುತ್ತಿದ್ದದ್ದು ಹತ್ತೊಂಬತ್ತನೆಯ ಶತಮಾನದವರೆಗೂ ನಡೆದಿತ್ತು. ಸುರುಳಿ ಏಣಿನ ಎರಡುರುಳೆ ರಾಟೆಯನ್ನು ಇರ್ಫಾನ್ ಹಬೀಬರಂಥ ಇತಿಹಾಸಕಾರರು ದೆಹಲಿ ಸುಲ್ತಾನರ ಕಾಲದ ಆಸುಪಾಸಿಗೆ ಇಡುತ್ತಾರೆ. ಹೇಗೆ ಲೆಕ್ಕ ಹಾಕಿದರೂ ನಮ್ಮ ಬಡಗಿಗೆ ಮರದಲ್ಲಿ ಸುರುಳಿ ಕೊರೆಯುವುದು ಹಲವು ನೂರು ವರ್ಷದ ಹಳೆಯ ವಿದ್ಯೆ.

ಹಾಗಿದ್ದರೆ ಆತ ಅದೇ ವಿದ್ಯೆಯಿಂದ ವೈಸ್ ಯಾಕೆ ಮಾಡಿಕೊಳ್ಳಲಿಲ್ಲ? ಕಾಲೇ ಸಾಕಾಗಿತ್ತು ಎನ್ನುವುದು ಒಂದು ಉತ್ತರ. ನನಗೆ ಇನ್ನೊಂದು ಕಾರಣವೂ ಕಾಣುತ್ತದೆ. ಬೀಜ ಬಿಡಿಸುವ ರಾಟೆಯಲ್ಲಿ ನಟ್ಟೇ ಇಲ್ಲ. ಎರಡು ಉರುಳೆಗಳ ಸುರುಳಿಯೂ ಹೊರಮೈಯಲ್ಲಿದೆ, ಕಣ್ಣಿಗೆ ಕಾಣುತ್ತದೆ, ಉಳಿಗೆ ಸಿಗುತ್ತದೆ. ಒಂದು ಕಡೆ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೆ ನಾಲ್ಕು ದಿನ ತಿರುಗಿಸಿದ ಮೇಲೆ ತಾನೇ ಸವೆದು ಹೊಂದಿಕೊಳ್ಳುತ್ತದೆ. ವೈಸ್‌ನ ಮಾತು ಬೇರೆ. ಅಲ್ಲಿ ತಿರುಪು ನಟ್ಟಿನೊಳಗೆ ಓಡಾಡಬೇಕು, ಆ ನಟ್ಟಿನ ಸುರುಳಿ ತೂತಿನ ಒಳಗೋಡೆಯಲ್ಲಿರುತ್ತದೆ. ಎರಡು ಅಂಗುಲದ ತೂತಿನೊಳಗೆ ಉಳಿ ಆಡಿಸಿ ಸುರುಳಿ ಕೆತ್ತುವ ಬಡಗಿ ಇನ್ನೂ ಹುಟ್ಟಿಲ್ಲ. ಅದಕ್ಕೆ ಒಳಸುರುಳಿ ಕೊರೆಯುವ ಉಪಕರಣ, ಅಂದರೆ ಟ್ಯಾಪ್, ಬೇಕೇ ಬೇಕು.

ಆದ್ದರಿಂದ ನನ್ನ ಸಲಹೆ ಇಷ್ಟು: ಮೊದಲು ಟ್ಯಾಪ್ ಯಾವುದೆಂದು ಗೊತ್ತುಮಾಡಿ. ತಿರುಪಿನ ದಪ್ಪ, ಏಣಿನಿಂದ ಏಣಿಗೆ ಇರುವ ಅಂತರ, ಏಣಿನ ಕೋನ, ಮೂರೂ ಅದರಿಂದಲೇ ತೀರ್ಮಾನವಾಗುತ್ತವೆ. ತಿರುಪನ್ನು ಹೇಗೆ ಕೊರೆಯಬೇಕು ಎನ್ನುವುದು ಆಮೇಲಿನ ಮಾತು, ಅದಕ್ಕೆ ದಾರಿ ಹಲವು. ಗ್ರೀಕರ ಹೀರೋ ಎಂಬ ಯಂತ್ರಜ್ಞ ಮೊದಲನೆಯ ಶತಮಾನದಲ್ಲಿ ಬರೆದ ಯಂತ್ರಶಾಸ್ತ್ರದ ಪುಸ್ತಕ ಕುಸ್ತಾ ಇಬ್ನ್ ಲೂಕಾ ಮಾಡಿದ ಅರಬಿ ಅನುವಾದದಲ್ಲಿ ನಮ್ಮ ಕಾಲದವರೆಗೆ ಉಳಿದು ಬಂದಿದೆ. ಅದರಲ್ಲಿ ತಿರುಪನ್ನು ಗುರುತುಹಾಕಿ ಕೊರೆಯುವ ಬಗೆಯೂ ಇದೆ, ನಟ್ಟಿನ ಒಳಸುರುಳಿ ತೆಗೆಯಲು ಪ್ರತ್ಯೇಕವಾದ ಒಂದು ಉಪಕರಣದ ವಿವರವೂ ಇದೆ. ದ್ರಾಕ್ಷಿ, ಆಲಿವ್ ಹಿಂಡುವ ಒತ್ತುಯಂತ್ರ ಮಾಡುವವರಿಗೂ ತೊಡಕಾಗಿ ಕಂಡದ್ದು ನಟ್ಟೇ.

ಸರಿ, ಟ್ಯಾಪ್ ಎಲ್ಲಿಂದ ತರುವುದು? ಮರಕ್ಕೆಂದೇ ಮಾಡಿದ ಟ್ಯಾಪ್ ಮತ್ತು ಸ್ಕ್ರೂ ಬಾಕ್ಸ್‌ನ ಜೋಡಿ ವಿದೇಶದಿಂದ ತರಿಸಿದರೆ ಸಿಗುತ್ತದೆ. ಸಾಮಾನ್ಯವಾಗಿ ಅರ್ಧ ಅಂಗುಲದಿಂದ ಒಂದೂವರೆ ಅಂಗುಲದವರೆಗಿನ ಅಳತೆಯವು. ಸ್ಕ್ರೂ ಬಾಕ್ಸ್ ಎಂದರೆ ಎರಡು ತುಂಡು ಮರದ ಒಂದು ದಿಮ್ಮಿ. ನಡುವೆ ತೂತು, ತೂತಿನ ಬಾಯಲ್ಲಿ ಇಂಗ್ಲಿಷಿನ 'ವಿ' ಆಕಾರದ ಒಂದು ಪುಟ್ಟ ಉಳಿ. ಕೋಲನ್ನು ತಿರುಗಿಸುತ್ತ ಒಳಕ್ಕೆ ಬಿಟ್ಟರೆ ಉಳಿ ತೋಡು ತೆಗೆಯುತ್ತದೆ. ಹಿಂದಿರುವ ಒಳಸುರುಳಿ ಅದೇ ತೋಡನ್ನು ಹಿಡಿದು ಕೋಲನ್ನು ಮುಂದಕ್ಕೆ ಎಳೆದುಕೊಳ್ಳುತ್ತದೆ. ಸಣ್ಣ ಕ್ಲಾಂಪಿಗೆ ಇದು ಚೆನ್ನ. ಆದರೆ ಪೂರ್ತಿ ಆಳವನ್ನು ಒಂದೇ ಏಟಿಗೆ ಕತ್ತರಿಸಬೇಕಾದ್ದರಿಂದ ಕೋಲು ದಪ್ಪವಾದಷ್ಟೂ, ಅಂತರ ಹೆಚ್ಚಿದಷ್ಟೂ ಏಣಿನ ನೆತ್ತಿ ಕಿತ್ತು ಬರುತ್ತದೆ. ಉಳಿಯ ಎರಡು ಅಲಗೂ ಸಮನಾಗಿ ಹರಿತವಿರಬೇಕು. ಅದನ್ನು ಮಸೆಯುವುದೇ ಒಂದು ತಪಸ್ಸು. ವೈಸ್ ಒಂದಕ್ಕೋಸ್ಕರ ಹೊರದೇಶದಿಂದ ಅದನ್ನು ತರಿಸುವುದು ನನಗೆ ಒಪ್ಪಿಗೆಯಿಲ್ಲ.

ಎರಡನೆಯ ದಾರಿ ನಮ್ಮ ಊರಿನ ಲೇತ್ ಅಂಗಡಿ. ಏಲಕ್ಕಿ ಒಣಗಿಸುವ ಯಂತ್ರ, ಪಂಪು, ಟ್ರ್ಯಾಕ್ಟರು ರಿಪೇರಿ ಮಾಡುವ ಲೇತ್‌ಗಳು ಬೋಡಿಯಲ್ಲೂ ತೇನಿಯಲ್ಲೂ ಇವೆ. ಅಲ್ಲಿ ಒಂದು ಉಕ್ಕಿನ ಸರಳಿನ ಮೇಲೆ ಬೇಕಾದ ಸುರುಳಿ ಹಾಕಿಸಿ, ಟ್ಯಾಪ್ ಮಾಡಿಸಿಕೊಳ್ಳಬಹುದು. ಮರ ಕತ್ತರಿಸುವ ಟ್ಯಾಪ್ ಆದ್ದರಿಂದ ಗಟ್ಟಿ ಉಕ್ಕು ಬೇಡ. ಇಎನ್-8 ದರ್ಜೆಯ ಉಕ್ಕು ಸಾಕು, ಸಾಧಾರಣ ಮೃದು ಉಕ್ಕಿನದೂ ಹಲವು ನಟ್ಟುಗಳಿಗೆ ಬರುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ನಮ್ಮಲ್ಲಿ ಬಳಕೆಯಲ್ಲಿರುವ ಎಷ್ಟೋ ಲೇತ್‌ಗಳಲ್ಲಿ ಉಳಿಯನ್ನು ಸರಿಸುವ ಲೀಡ್ ಸ್ಕ್ರೂವಿಗೆ ಅಂಗುಲಕ್ಕೆ ನಾಲ್ಕು ಥ್ರೆಡ್. ನೀವೂ ಅಂಗುಲಕ್ಕೆ ನಾಲ್ಕು ಕೇಳಿದರೆ ಸರಳನ್ನು ತಿರುಗಿಸುವ ಸ್ಪಿಂಡಲ್‌ನ ಒಂದು ಸುತ್ತಿಗೆ ಲೀಡ್ ಸ್ಕ್ರೂವೂ ಒಂದೇ ಸುತ್ತು. ಲೀಡ್ ಸ್ಕ್ರೂವನ್ನು ಹಿಡಿಯುವ ಹಾಫ್ ನಟ್ಟನ್ನು ಎಲ್ಲಿ ಹಾಕಿದರೂ ಉಳಿ ಹಳೆಯ ತೋಡಿಗೇ ಬಂದು ಬೀಳುತ್ತದೆ. ಅಂಗುಲಕ್ಕೆ ಎರಡು ಕೇಳಿದಿರೋ, ಲೀಡ್ ಸ್ಕ್ರೂ ಎರಡು ಪಟ್ಟು ಓಡಬೇಕು, ಗೇರುಗಳ ಮೇಲೆ ಭಾರ ಬೀಳುತ್ತದೆ. ಲೇತ್‌ನವರ ಹತ್ತಿರ ಈ ಮಾತುಕತೆ ಹೀಗೆ ನಡೆಯುತ್ತದೆ:

"ಅಣ್ಣೇ, ಅಂಗುಲಕ್ಕೆ ಎರಡು ಥ್ರೆಡ್ ಹಾಕಿಕೊಡ್ತೀರಾ?"

"ಎರಡಾ? ಗೇರಿನ ಹಲ್ಲು ಹೋದರೆ ನೀನು ಕಟ್ಟಿಕೊಡ್ತೀಯಾ ತಮ್ಮಾ? ನಾಲ್ಕು ಅನ್ನು, ಸಂಜೆಗೆ ಬಂದು ತಗೊಂಡು ಹೋಗು."

ಅವರು ಹೇಳಿದ್ದನ್ನು ಕೇಳಿ. ಒಂದೂವರೆ ಅಂಗುಲ ದಪ್ಪ, ಅಂಗುಲಕ್ಕೆ ನಾಲ್ಕು ಏಣು. ಏಣಿನಿಂದ ಏಣಿಗೆ ಕಾಲು ಅಂಗುಲ, ಬಡಗಿಯ ಲೆಕ್ಕದಲ್ಲಿ ಎರಡು ನೂಲು. ಏಣಿನ ಕೋನ ಮಾತ್ರ ನೀವು ಪಟ್ಟುಹಿಡಿದು 90 ಡಿಗ್ರಿ ಮಾಡಿಸಿ. ಕಬ್ಬಿಣದ ಬೋಲ್ಟಿನ 60 ಡಿಗ್ರಿಯೇ ಅವರ ಕೈಗೆ ಅಭ್ಯಾಸವಾಗಿರುತ್ತದೆ. ಮರದಲ್ಲಿ 60 ಡಿಗ್ರಿಯ ಏಣು ತೆಳ್ಳಗೆ, ಎತ್ತರವಾಗಿ ನಿಲ್ಲುತ್ತದೆ. ಮರದ ಎಳೆ ಕೋಲಿನ ಉದ್ದಕ್ಕೆ ಓಡುವುದರಿಂದ ಒಂದೊಂದು ಏಣಿನಲ್ಲಿರುವ ಎಳೆ ಎರಡು ನೂಲು ಉದ್ದವೂ ಇರುವುದಿಲ್ಲ; ಸ್ವಲ್ಪ ಒತ್ತಿದರೆ ಪದರು ಪದರಾಗಿ ಉದುರುತ್ತದೆ. 90 ಡಿಗ್ರಿಯದು ಗಿಡ್ಡ, ಬುಡ ಅಗಲ, ಗಟ್ಟಿ. ಅದರ ಲೆಕ್ಕವೂ ಸುಲಭ: ತೋಡಿನ ಆಳ ಅಂತರದ ಅರ್ಧ. ಅಂತರ ಎರಡು ನೂಲಾದರೆ ಆಳ ಒಂದು ನೂಲು. ಕೋಲು ಒಂದೂವರೆ ಅಂಗುಲ, ಎರಡೂ ಕಡೆ ಒಂದೊಂದು ನೂಲು ಕಳೆದರೆ ತೂತು ಒಂದೂಕಾಲು ಅಂಗುಲ. ಅಂಗಡಿಯಲ್ಲಿ ಸಿಗುವ 32 ಮಿಲಿಮೀಟರಿನ ಬೈರಿಗೆ ಅದಕ್ಕೆ ಸರಿಹೋಗುತ್ತದೆ. ಏಣಿನ ನೆತ್ತಿಯನ್ನು ಸೂಜಿಮೊನೆಯಾಗಿ ಬಿಡಬೇಡಿ, ಸ್ವಲ್ಪ ಚಪ್ಪಟೆ ಇರಲಿ.

ಸುರುಳಿ ಹಾಕಿದ ಸರಳು ಇನ್ನೂ ಟ್ಯಾಪ್ ಅಲ್ಲ. ಮುಂದಿನ ಐದಾರು ಏಣುಗಳನ್ನು ಇಳಿಜಾರಾಗಿ ಕಡೆಸಿ. ಮೊದಲನೆಯದು ಬರೀ ಗೀರಬೇಕು, ಕೊನೆಯದು ಪೂರ್ತಿ ಆಳ ತೆಗೆಯಬೇಕು. ಆಮೇಲೆ ಗ್ರೈಂಡರ್‌ನಿಂದ ಉದ್ದಕ್ಕೆ ಮೂರೋ ನಾಲ್ಕೋ ಕಾಲುವೆ ಹೊಡೆಸಿ. ಅದರಿಂದ ಅಲಗು ಹುಟ್ಟುತ್ತದೆ, ಚಕ್ಕೆಗೂ ಜಾಗ ಸಿಗುತ್ತದೆ. ಕಾಲುವೆ ಚಿಕ್ಕದಾದರೆ ಚಕ್ಕೆ ಒಳಗೇ ಗಿಡಿದು ನಟ್ಟು ಸೀಳುತ್ತದೆ. ತಲೆಯಲ್ಲಿ ಒಂದು ತೂತು, ಅಡ್ಡ ಸರಳು ಹಾಕಿ ತಿರುಗಿಸಲಿಕ್ಕೆ. ಕೈಯಲ್ಲಿ ತಿರುಗಿಸುವಾಗ ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಅವಸರ ಮಾಡಬಾರದು.

ಮೂರನೆಯ ದಾರಿ ನನಗೆ ಇಷ್ಟವಾದದ್ದು, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬೆಂಚಿನ ಕಾಲಿಗೆ ಕಟ್ಟುವ ದೊಡ್ಡ ವೈಸ್‌ಗೆ ಎರಡು ಅಂಗುಲದ ತಿರುಪು, ಅಂಗುಲಕ್ಕೆ ಎರಡೇ ಏಣು ಇದ್ದರೆ ಸುಖ. ಒಂದು ಸುತ್ತಿಗೆ ಅರ್ಧ ಅಂಗುಲ ಸರಿಯುತ್ತದೆ, ನಾಲ್ಕು ಸುತ್ತಿಗೆ ಬಾಯಿ ಎರಡು ಅಂಗುಲ ತೆರೆಯುತ್ತದೆ. ಇಷ್ಟು ದೊಡ್ಡ ಟ್ಯಾಪನ್ನು ಮರದಲ್ಲೇ ಮಾಡಿಕೊಳ್ಳಬಹುದು, ಕತ್ತರಿಸುವ ಹಲ್ಲು ಮಾತ್ರ ಉಕ್ಕಿನದು.

ತೂತು ಒಂದೂವರೆ ಅಂಗುಲ, ಅಂದರೆ 38 ಮಿಲಿಮೀಟರಿನ ಬೈರಿಗೆಯದು. ಆ ತೂತಿನಲ್ಲಿ ಬಿಗಿಯಿಲ್ಲದೆ, ಕುಲುಕದೆ ಜಾರುವ ಹಾಗೆ ಒಂದೂವರೆ ಅಡಿ ಉದ್ದದ ಒಣ ಮರದ ಉರುಳೆಯೊಂದನ್ನು ಕಡೆಸಿ. ಕಾಗದದ ಪಟ್ಟಿಯೊಂದನ್ನು ಅದಕ್ಕೆ ಸುತ್ತಿ, ಒಂದು ಸುತ್ತಿಗೆ ಸರಿಯಾಗಿ ಕತ್ತರಿಸಿ. ಸುಮಾರು ನಾಲ್ಕೂ ಮುಕ್ಕಾಲು ಅಂಗುಲ ಅಗಲ ಬರುತ್ತದೆ. ಬಿಚ್ಚಿ ಮೇಜಿನ ಮೇಲೆ ಹಾಸಿ, ಎಡ ಅಂಚಿನಲ್ಲೂ ಬಲ ಅಂಚಿನಲ್ಲೂ ಅರ್ಧರ್ಧ ಅಂಗುಲಕ್ಕೆ ಗುರುತು ಮಾಡಿ. ಎಡಗಡೆಯ ಸೊನ್ನೆಯಿಂದ ಬಲಗಡೆಯ ಮೊದಲ ಗುರುತಿಗೆ ಗೆರೆ, ಮೊದಲಿನಿಂದ ಎರಡಕ್ಕೆ ಗೆರೆ, ಹೀಗೆ ಓರೆ ಓರೆಯಾಗಿ ಎಳೆಯುತ್ತ ಹೋಗಿ. ಈಗ ಕಾಗದಕ್ಕೆ ಗೋಂದು ಹಚ್ಚಿ ಉರುಳೆಗೆ ಅಂಟಿಸಿದರೆ ತುಂಡು ಗೆರೆಗಳೆಲ್ಲ ಕೂಡಿಕೊಂಡು ತುದಿಯಿಂದ ತುದಿಗೆ ಒಂದೇ ಸುರುಳಿಯಾಗುತ್ತವೆ. ಹೀರೋ ಹೇಳುವ ತಗಡಿನ ತ್ರಿಕೋನವೂ ಇದೇ ಲೆಕ್ಕ. ಅಂಟಿಸುವ ಮೊದಲು ಒಂದು ಸಾಧಾರಣ ಬೋಲ್ಟನ್ನು ಪಕ್ಕದಲ್ಲಿ ನಿಲ್ಲಿಸಿ, ಗೆರೆ ಏರುವ ದಿಕ್ಕು ಒಂದೇ ಇದೆಯೇ ನೋಡಿಕೊಳ್ಳಿ. ಕಾಗದ ತಿರುವುಮುರುವಾದರೆ ಎಡ ತಿರುಪು ಆಗುತ್ತದೆ. ಮುಚ್ಚಲು ಹೋದ ವೈಸ್ ತೆರೆದುಕೊಳ್ಳುತ್ತದೆ.

ಗೆರೆಯ ಮೇಲೆ ಸಣ್ಣ ಹಲ್ಲಿನ ಗರಗಸದಿಂದ ಒಂದು ನೂಲು ಆಳಕ್ಕೆ ಸುರುಳಿಯುದ್ದಕ್ಕೂ ಕೊಯ್ಯಿರಿ. ಆಳ ತಪ್ಪದಿರಲು ಗರಗಸದ ಅಲಗಿಗೆ ಒಂದು ರೀಪನ್ನು ಬಿಗಿದುಕೊಳ್ಳುವುದು ವಾಸಿ. ಆಮೇಲೆ ಗಟ್ಟಿ ಮರದ ದಿಮ್ಮಿಯೊಂದರಲ್ಲಿ ಅದೇ ಒಂದೂವರೆ ಅಂಗುಲದ ತೂತು ಕೊರೆದು, ಅದರ ಬಾಯಿಗೆ ತೆಳುವಾದ ಹಿತ್ತಾಳೆ ತಗಡಿನ ತುಂಡುಗಳನ್ನು ಕೂರಿಸಿ. ತಗಡಿನ ಅಂಚು ಉರುಳೆಯ ಸೀಳಿನೊಳಗೆ ಇಳಿಯಬೇಕು. ಉರುಳೆಯನ್ನು ತಿರುಗಿಸಿದರೆ ಸೀಳು ತಗಡನ್ನು ಹಿಡಿದುಕೊಂಡು, ಸುತ್ತಿಗೆ ಅರ್ಧ ಅಂಗುಲದಂತೆ ತಪ್ಪದೆ ಮುಂದೆ ಸರಿಯುತ್ತದೆ. ಎರಡು ತಗಡುಗಳನ್ನು ಎದುರು ಬದುರು ಹಾಕುವವರು ಒಂದು ವಿಷಯ ಮರೆಯಬಾರದು: ಸುರುಳಿ ಅರ್ಧ ಸುತ್ತಿಗೆ ಕಾಲು ಅಂಗುಲ ಏರಿರುತ್ತದೆ. ಎರಡನ್ನೂ ಒಂದೇ ಮಟ್ಟಕ್ಕೆ ಇಟ್ಟರೆ ಉರುಳೆ ಕಚ್ಚಿಕೊಂಡು ನಿಲ್ಲುತ್ತದೆ. ಒಂದನ್ನು ಕಾಲು ಅಂಗುಲ ಮೇಲಕ್ಕಿಡಿ.

ಉರುಳೆಯ ಮುಂದಿನ ತುದಿಯ ಹತ್ತಿರ ಅಡ್ಡಲಾಗಿ ಚೌಕ ತೂತು ಹೊಡೆದು, ಅದರಲ್ಲಿ ಹಲ್ಲನ್ನು ಬೆಣೆ ಹಾಕಿ ಬಿಗಿಯಿರಿ. ಹಲ್ಲಿಗೆ ಹಳೆಯ ಅರದ ತುಂಡು ಸಾಕು. ಕೆಂಪಗೆ ಕಾಯಿಸಿ ಮೆಲ್ಲಗೆ ಆರಲು ಬಿಟ್ಟರೆ ಮೆತ್ತಗಾಗುತ್ತದೆ. ತುದಿಯನ್ನು 90 ಡಿಗ್ರಿಗೆ ಉಜ್ಜಿ, ಮತ್ತೆ ಕಾಯಿಸಿ ಅದ್ದಿ ಹದಕೊಡಿ. ದಿಂಡಿಗಲ್‌ನಲ್ಲಿ ಬೀಗ ಮಾಡುವವರ ಕೈಗೆ ಇದು ಎಲೆ ಅಡಿಕೆ ಹಾಕಿಕೊಂಡಷ್ಟೇ ಹಗುರ. ಅರ ಹಿಡಿದೇ ಬದುಕಿದ ಊರು ಅದು. 2019ರಲ್ಲಿ ಅದರ ಬೀಗಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಬಂತು. ನಿಮ್ಮ ಕಡೆ ಕಮ್ಮಾರರು ಮಾಡಿಕೊಡುತ್ತಾರೆ.

ಇನ್ನು ನಟ್ಟಿನ ದಿಮ್ಮಿಯನ್ನು ತಗಡು ಕೂರಿಸಿದ ಮಾರ್ಗದರ್ಶಿ ದಿಮ್ಮಿಯ ಜೊತೆ, ತೂತಿಗೆ ತೂತು ಸೇರುವಂತೆ ಬಿಗಿದು, ಹಲ್ಲನ್ನು ಕಾಗದದಷ್ಟು ಹೊರಗಿಟ್ಟು ಉರುಳೆಯನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ. ಬರೀ ಗೀರು ಬೀಳುತ್ತದೆ. ಹಿಂದಕ್ಕೆ ತೆಗೆದು, ಹಲ್ಲನ್ನು ಚೂರು ಹೊರಕ್ಕೆ ತಟ್ಟಿ, ಮತ್ತೆ ಒಂದು ಸಲ. ಹೀಗೆ ಕಂತು ಕಂತಾಗಿ ಕಾಲು ಅಂಗುಲ ಆಳಕ್ಕೆ ಹೋಗುವಾಗ ಮೊದಮೊದಲು ಪುಡಿ ಬರುತ್ತದೆ, ಆಮೇಲೆ ಸ್ಪ್ರಿಂಗಿನಂಥ ಸಿಂಬೆ ಸಿಂಬೆ ಚಕ್ಕೆ ಬರುತ್ತದೆ. ಚಕ್ಕೆ ತುಂಡಾಗದೆ ಬಂದರೆ ಹಲ್ಲು ಹರಿತವಿದೆ ಎಂದು ಅರ್ಥ. ಇಲ್ಲಿ ಒಂದೇ ಹಲ್ಲು, ಮಸೆಯುವುದು ಸುಲಭ. ಒಂದೇ ಏಟಿನ ಒತ್ತಡವಿಲ್ಲ, ನಟ್ಟು ಸೀಳುವ ಭಯ ಕಡಿಮೆ. ಖರ್ಚು ಎನ್ನುವಂಥದ್ದು ಹೆಚ್ಚೇನೂ ಇಲ್ಲ.

ನಟ್ಟು ಕೈಗೆ ಬಂದ ಮೇಲೆ ತಿರುಪಿನ ಮಾತು. ಒಂದೇ ವೈಸ್ ಸಾಕು ಎನ್ನುವವರು ಹತ್ತಿರಾಟೆ ಮಾಡಿದ ಬಡಗಿಯ ಹಾದಿಯನ್ನೇ ಹಿಡಿಯಬಹುದು. ಕೋಲಿಗೆ ಅದೇ ರೀತಿ ಕಾಗದ ಸುತ್ತಿ, ಗೆರೆಯ ಮೇಲೆ ತೋಡಿನ ಆಳಕ್ಕೆ ಗರಗಸ ಹಾಕಿ, ಎರಡೂ ಕಡೆಯಿಂದ ಉಳಿಯಲ್ಲಿ ಇಳಿಜಾರು ತೆಗೆದು, ಮೂರುಮೂಲೆ ಅರದಿಂದ ನಯ ಮಾಡುವುದು. ನಟ್ಟಿನೊಳಗೆ ಸ್ವಲ್ಪ ಕಾಡಿಗೆ ಸವರಿ ತಿರುಪನ್ನು ಬಿಟ್ಟು ನೋಡಿದರೆ ಎಲ್ಲಿ ತಾಗುತ್ತದೆಯೋ ಅಲ್ಲಿ ಕಪ್ಪು ಹತ್ತುತ್ತದೆ. ಅಷ್ಟನ್ನು ಮಾತ್ರ ತೆಗೆಯಿರಿ. ಸಹನೆಯಿದ್ದವರಿಗೆ ಇದು ಒಂದೆರಡು ದಿನದ ಕೆಲಸ.

ಹತ್ತಾರು ತಿರುಪು ಬೇಕಾದವರು ರೌಟರ್ ಹಿಡಿಯಲಿ. ಗಟ್ಟಿ ದಿಮ್ಮಿಯೊಂದರ ಅರ್ಧದವರೆಗೆ ಕೋಲಿನ ಪೂರ್ತಿ ದಪ್ಪಕ್ಕೆ ತೂತು. ಉಳಿದರ್ಧಕ್ಕೆ ಸಣ್ಣ ತೂತು ಕೊರೆದು ನಿಮ್ಮ ಟ್ಯಾಪಿನಿಂದಲೇ ಒಳಸುರುಳಿ. ಎರಡೂ ಸೇರುವ ಜಾಗದಲ್ಲಿ ಮೇಲಿನಿಂದ 90 ಡಿಗ್ರಿಯ ವಿ-ಬಿಟ್ ಇಳಿದಿರುತ್ತದೆ. ರೌಟರ್ ಓಡುತ್ತಿರುವಾಗ ಕೋಲನ್ನು ಕೈಯಲ್ಲಿ ನಿಧಾನವಾಗಿ ತಿರುಗಿಸುತ್ತ ಬಿಟ್ಟರೆ ಬಿಟ್ ತೋಡು ತೆಗೆಯುತ್ತದೆ, ಆಚೆಯ ಸುರುಳಿ ಎಳೆದುಕೊಳ್ಳುತ್ತದೆ. ಸ್ಕ್ರೂ ಬಾಕ್ಸ್‌ನದೇ ತತ್ವ. ಆದರೆ ನಿಮಿಷಕ್ಕೆ ಇಪ್ಪತ್ತು ಸಾವಿರ ಸುತ್ತು ತಿರುಗುವ ಅಲಗು ಎಳೆಯನ್ನು ಕೀಳುವುದಿಲ್ಲ, ಕತ್ತರಿಸುತ್ತದೆ. ಬಿಟ್ಟಿನ ಮೊನೆ ಒಳಸುರುಳಿಯ ಏಣು ಶುರುವಾಗುವ ಜಾಗಕ್ಕೇ ಬೀಳಬೇಕು. ಒಂದು ಕೂದಲು ಹಿಂದೆಮುಂದೆಯಾದರೂ ಕೋಲು ಎರಡನೆಯ ಸುತ್ತಿಗೆ ಬಿಗಿದುಕೊಳ್ಳುತ್ತದೆ. ಆಗ ಬಲವಂತ ಮಾಡದೆ, ರೌಟರನ್ನು ಆರಿಸಿ ಸರಿಸಿ ನೋಡಬೇಕು. ಗಮನಿಸಿ, ಟ್ಯಾಪ್ ಇಲ್ಲದೆ ಒಳಸುರುಳಿಯ ಈ ದಿಮ್ಮಿಯೂ ಇಲ್ಲ. ರೌಟರ್ ಮೊದಲೇ ಕೊಂಡು ಕೂತವರು ಮತ್ತೆ ಟ್ಯಾಪಿನ ಬಾಗಿಲಿಗೇ ಬರಬೇಕು.

ಮರ ಯಾವುದು? ಅಮೆರಿಕದವರು ಮೇಪಲ್, ಯೂರೋಪಿನವರು ಬೀಚ್ ಎನ್ನುತ್ತಾರೆ. ಅವೆರಡೂ ನಮ್ಮ ಪೇಟೆಯ ಮರಗಳಲ್ಲ. ಬೋಡಿಯ ಸಾಮಿಲ್‌ಗಳಲ್ಲಿ ಅಗ್ಗವಾಗಿ ಸಿಗುವುದು ಕಾಫಿ ತೋಟದ ನೆರಳಿಗೆ ಹಾಕಿದ ಸಿಲ್ವರ್ ಓಕ್. ಪ್ಯಾಕಿಂಗ್ ಪೆಟ್ಟಿಗೆಗೆ ಸರಿ, ತಿರುಪಿಗೆ ನಾನು ಮುಟ್ಟುವುದಿಲ್ಲ. ಬಾಗಿಲಿಗೆ ರಾಜನಾದ ತೇಗವೂ ಇಲ್ಲಿ ಬೇಡ. ಅದರಲ್ಲಿರುವ ಸಿಲಿಕಾ ಅಲಗನ್ನು ಬೇಗ ಮೊಂಡು ಮಾಡುತ್ತದೆ, ಏಣಿನ ನೆತ್ತಿ ಗರಿಗರಿಯಾಗಿ ಮುರಿಯುತ್ತದೆ. ನಟ್ಟಿಗೆ ಹುಣಸೆ ಒಳ್ಳೆಯದು. ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಸುಲಭಕ್ಕೆ ಸೀಳುವುದಿಲ್ಲ; ಕೊಡತಿಗೂ ಒನಕೆಗೂ ಹಿರಿಯರು ಅದನ್ನು ಸುಮ್ಮನೆ ಆರಿಸಲಿಲ್ಲ. ರಸ್ತೆ ಅಗಲ ಮಾಡುವಾಗ ಉರುಳಿಸಿದ ಸಾಲುಮರದ ದಿಮ್ಮಿ ಸಿಕ್ಕಿದರೆ ಬಿಡಬೇಡಿ. ಎಣ್ಣೆಗಾಣಕ್ಕೆ ಬಳಸುವ ಬಾಗೆಯೂ ಆದೀತು. ತಿರುಪಿಗೆ ನೇರ ಎಳೆಯ, ಒತ್ತೊತ್ತಾದ ಮರ ಬೇಕು. ಬೀಟೆ ಸಿಕ್ಕಿದರೆ ಭಾಗ್ಯ. ಸಣ್ಣ ತಿರುಪಿಗೆ ಸೀಬೆ ಮರವನ್ನು ಪರೀಕ್ಷಿಸಿ ನೋಡಿ. ಪಳನಿ ಪಕ್ಕದ ಆಯಕ್ಕುಡಿಯ ಕಡೆ ಮುದಿಯಾದ ಸೀಬೆ ತೋಟ ಕಡಿಯುವಾಗ ಅದು ಸೌದೆಯ ದರಕ್ಕೆ ಹೋಗುತ್ತದೆ. ಉಪಕರಣಗಳ ಹಿಡಿಗೆ ಅದನ್ನು ಮೀರಿಸಿದ್ದು ಕಡಿಮೆ.

ಯಾವ ಮರವಾದರೂ ಚೆನ್ನಾಗಿ ಒಣಗಿದ ಮೇಲೆಯೇ ಕಡೆಸಬೇಕು. ಒಣಗುವಾಗ ಮರ ಸುತ್ತಿನ ದಿಕ್ಕಿಗೆ ಕುಗ್ಗುವಷ್ಟು ತಿರುಳಿನಿಂದ ತೊಗಟೆಯ ದಿಕ್ಕಿಗೆ ಕುಗ್ಗುವುದಿಲ್ಲ. ಹೆಚ್ಚುಕಡಿಮೆ ಎರಡರಷ್ಟು ವ್ಯತ್ಯಾಸ. ಹಸಿ ಮರದ ದುಂಡು ಕೋಲು ಒಣಗಿದ ಮೇಲೆ ಮೊಟ್ಟೆಯಾಕಾರವಾಗಿರುತ್ತದೆ, ನಟ್ಟಿನಲ್ಲಿ ಸುತ್ತಿಗೆರಡು ಸಲ ಬಿಗಿಯುತ್ತದೆ. ಬೋಡಿ ಮಳೆನೆರಳಿನ ಊರು. ಬೇಸಿಗೆಯಲ್ಲಿ ಸಲೀಸಾಗಿ ತಿರುಗಿದ್ದು ತಮಿಳರ ಐಪಸಿ ತಿಂಗಳ ಮಳೆಯಲ್ಲಿ ಉಬ್ಬಿ ಕೂರುತ್ತದೆ. ಹಾಗಾಗಿ ಕೋಲನ್ನು ಅರ್ಧ ಮಿಲಿಮೀಟರಿನಷ್ಟು ಸಣ್ಣ ಮಾಡಿಯೇ ಕೊರೆಯಿರಿ. ವೈಸ್‌ಗೆ ಸಡಿಲ ತಿರುಪಿನಿಂದ ತೊಂದರೆಯಿಲ್ಲ. ಕೊರೆಯುವ ಮೊದಲು ಕೋಲನ್ನು ಒಂದು ರಾತ್ರಿ ಅಗಸೆ ಎಣ್ಣೆಯಲ್ಲಿ ಅದ್ದಿಟ್ಟರೆ ಏಣು ಒಡೆಯುವುದು ಕಡಿಮೆ. ಕಡಲೆಕಾಯಿ ಎಣ್ಣೆ ಮನೆಯಲ್ಲೇ ಇದೆಯಲ್ಲ ಎಂದು ಅದನ್ನು ಸುರಿಯಬೇಡಿ. ಅದು ಒಣಗುವ ಎಣ್ಣೆಯಲ್ಲ, ಜಿಗುಟಾಗಿ ಧೂಳು ಹಿಡಿದುಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಏಣುಗಳಿಗೆ ಜೇನುಮೇಣ ಉಜ್ಜಿ.

ವೈಸ್‌ನ ಆಕಾರದ ಬಗ್ಗೆ ಒಂದು ಮಾತು ಉಳಿದಿದೆ. ಎಲ್ಲರೂ ಎತ್ತರದ ಬೆಂಚಿಗೆ ಹಾತೊರೆಯುತ್ತಾರೆ. ಇಂಗ್ಲೆಂಡಿನ ಜೋಸೆಫ್ ಮಾಕ್ಸನ್ ತನ್ನ ಕೈಕೆಲಸದ ಪುಸ್ತಕವನ್ನು 1678ರಿಂದ ಕಂತುಗಳಲ್ಲಿ ಅಚ್ಚು ಹಾಕಿಸಿದ. ಅದರ ಚಿತ್ರದಲ್ಲಿ ಕಾಣುವ ಎರಡು ತಿರುಪಿನ ವೈಸ್‌ಗೆ ಈಗ ಆತನ ಹೆಸರೇ ನಿಂತಿದೆ. ಎರಡು ದಪ್ಪ ಹಲಗೆ, ಎರಡು ತುದಿಗೂ ಒಂದೊಂದು ಮರದ ತಿರುಪು, ಅಷ್ಟೆ. ನೆಲದ ಮೇಲೆ ಕೂತು ಕೆಲಸ ಮಾಡುವ ನಮ್ಮ ಬಡಗಿಗೆ ಇದು ಹೇಳಿ ಮಾಡಿಸಿದ್ದು. ಒಂದು ಮಣೆಗೆ ಬಿಗಿದು ಮುಂದೆ ಇಟ್ಟುಕೊಂಡರೆ ಬೆಂಚೂ ಬೇಡ, ಹೆಬ್ಬೆರಳನ್ನು ಒತ್ತೆಯಿಡುವುದೂ ಬೇಡ. ಇದಕ್ಕೆ ಒಂದೂವರೆ ಅಂಗುಲದ ತಿರುಪು ಧಾರಾಳ, ಅಂದರೆ ಲೇತ್ ಅಣ್ಣ ಸಂಜೆಗೆ ಕೊಡುತ್ತೇನೆಂದ ಆ ಟ್ಯಾಪೇ ಸಾಕು. ತಿರುಪಿನ ತಲೆಯಲ್ಲಿ ಅಡ್ಡ ಹಿಡಿಗೆ ತೂತು ಕೊರೆಯುವವರು ಕೋಲನ್ನು ಕಡೆಸುವಾಗಲೇ ತಲೆಯನ್ನು ಎರಡೂವರೆ ಅಂಗುಲ ದಪ್ಪ ಉಳಿಸಿಕೊಳ್ಳಿ. ತೂತಿನ ದಿಕ್ಕು ಬೆಳವಣಿಗೆಯ ಉಂಗುರಗಳಿಗೆ ಅಡ್ಡವಾಗಿರಲಿ, ಹಿಡಿ ಸೀಬೆಯದಾಗಿರಲಿ.